ಮೀಟರ್ 20 ವೋಲ್ಟ್ ತೋರಿಸಿದ್ರೂ ಸೋಲಾರ್ ಪ್ಯಾನೆಲ್ ಕೆಟ್ಟಿರಬಹುದು: ಹಳೇದು ಕೊಳ್ಳೋ ಮುಂಚೆ ಹೀಗೆ ಪರೀಕ್ಷೆ ಮಾಡಿ

ಕೊರಟಗೆರೆ: ಸಿದ್ದರಬೆಟ್ಟದ ತಪ್ಪಲಿನ ಊರುಗಳಲ್ಲಿ ಕತ್ತಲಾದ ಮೇಲೆ ದನದ ಕೊಟ್ಟಿಗೆ ಹತ್ತಿರ ಒಂದು ಲೈಟ್ ಇರಲೇಬೇಕು. ಚಿರತೆ, ಕರಡಿ ಓಡಾಡೋ ಜಾಗ ಇದು. ರಾತ್ರಿ ಕರೆಂಟ್ ಹೋದ್ರೆ ಅಂತ ಹೋದ ವರ್ಷ ನಾನು 40 ವ್ಯಾಟ್‌ನ ಒಂದು ಹಳೇ ಸೋಲಾರ್ ಪ್ಯಾನೆಲ್ ತಂದೆ. ಮಾರಿದವರು ನನ್ನ ಕಣ್ಣೆದುರೇ ಮೀಟರ್ ಇಟ್ಟು 20 ವೋಲ್ಟ್ ತೋರಿಸಿದ್ರು. ನಂಬಿ ದುಡ್ಡು ಕೊಟ್ಟೆ. ಮನೆಗೆ ತಂದು ಹಾಕಿದ್ರೆ ರಾತ್ರಿ 9 ಗಂಟೆಗೇ ಲೈಟ್ ಆಫ್. ಬ್ಯಾಟರಿ ಹಾಳಾಗಿದೆ ಅಂದ್ಕೊಂಡು ಅದನ್ನೂ ಹೊಸದು ಹಾಕಿದೆ. ಆದ್ರೂ ಅದೇ ಕತೆ. ಆಮೇಲೆ ಗೊತ್ತಾಯ್ತು, ತಪ್ಪಿದ್ದದ್ದು ಪ್ಯಾನೆಲ್‌ನಲ್ಲೇ.

ಹಾಗಾದ್ರೆ 20 ವೋಲ್ಟ್ ಹೇಗೆ ಬಂತು?

12 ವೋಲ್ಟ್ ಬ್ಯಾಟರಿಗೆ ಬಳಸೋ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 36 ಸಿಲಿಕಾನ್ ಸೆಲ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಣೆ ಆಗಿರುತ್ತವೆ. ಒಂದೊಂದು ಸೆಲ್ ಸುಮಾರು 0.6 ವೋಲ್ಟ್ ಕೊಡುತ್ತೆ. ಎಲ್ಲ ಸೇರಿದ್ರೆ 20ರಿಂದ 22 ವೋಲ್ಟ್. ಒಂದು ಸೆಲ್ ಒಡೆದು ಅರ್ಧ ಸತ್ತಿದ್ರೂ ಈ ವೋಲ್ಟೇಜ್ ಹೆಚ್ಚು ಕಮ್ಮಿ ಹಾಗೇ ಇರುತ್ತೆ. ಬೀಳೋದು ಕರೆಂಟ್, ಅಂದ್ರೆ ಆಂಪ್ಸ್.

ಕೆರೆ ಹೂಳೆತ್ತುವಾಗ ಜನ ಸಾಲಾಗಿ ನಿಂತು ಮಣ್ಣಿನ ಬುಟ್ಟಿ ಕೈ ಬದಲಾಯಿಸೋದು ನೋಡಿದ್ದೀರಲ್ಲ? 36 ಜನರಲ್ಲಿ ಒಬ್ಬ ನಿಧಾನ ಆದ್ರೆ ಇಡೀ ಸಾಲೇ ನಿಧಾನ. ಸೋಲಾರ್ ಪ್ಯಾನೆಲ್ ಲೆಕ್ಕವೂ ಇಷ್ಟೇ.

ಮನೆಯಲ್ಲೇ ಮಾಡೋ ಪರೀಕ್ಷೆ

ಬೇಕಾಗಿರೋದು ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತೆ ಮಧ್ಯಾಹ್ನದ ಸ್ವಚ್ಛ ಬಿಸಿಲು. ಮೋಡ ಇರೋ ದಿನ ಬೇಡ.

1. ಬ್ಯಾಟರಿ, ಚಾರ್ಜ್ ಕಂಟ್ರೋಲರ್ ಎಲ್ಲ ಬಿಚ್ಚಿ ಪ್ಯಾನೆಲ್ ಒಂದನ್ನೇ ಇಟ್ಟುಕೊಳ್ಳಿ. ಹಿಂದಿನ ಲೇಬಲ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಕರೆಂಟ್ ಎಷ್ಟು ಅಂತ ಬರೆದಿರುತ್ತೆ, ನೋಡಿಕೊಳ್ಳಿ. 40 ವ್ಯಾಟ್ ಪ್ಯಾನೆಲ್‌ಗೆ ಅದು ಸುಮಾರು 2.4 ಆಂಪ್ಸ್.

2. ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಮುಚ್ಚಿ. ಮೀಟರ್‌ನ ಕೆಂಪು ವೈರನ್ನು 10 ಆಂಪ್ಸ್ ತೂತಿಗೆ ಹಾಕಿ, ಡಿಸಿ ಆಂಪ್ಸ್‌ಗೆ ತಿರುಗಿಸಿ, ಪ್ಯಾನೆಲ್‌ನ ಎರಡು ವೈರ್‌ಗಳಿಗೆ ಜೋಡಿಸಿ.

3. ಬಟ್ಟೆ ತೆಗೆದು ಪ್ಯಾನೆಲ್ಲನ್ನು ಸೂರ್ಯನಿಗೆ ನೇರ ಹಿಡಿದು ಓದಿ. ಲೇಬಲ್ ಸಂಖ್ಯೆಗೆ ಹತ್ತಿರ ಬಂದ್ರೆ ಒಳ್ಳೇದು. ಒಳ್ಳೇ ಬಿಸಿಲಲ್ಲೂ ಅರ್ಧಕ್ಕಿಂತ ಕಮ್ಮಿ ಇದ್ರೆ ಕೈ ಹಾಕಬೇಡಿ. ನನ್ನದು 0.7 ತೋರಿಸಿತು.

4. ಈಗ ಮಜಾ ನೋಡಿ. ಒಂದೇ ಒಂದು ಸೆಲ್ ಪೂರ್ತಿ ಮುಚ್ಚೋ ಹಾಗೆ ರಟ್ಟಿನ ತುಂಡು ಇಡಿ. ಡಯೋಡ್ ಇಲ್ಲದ ಚಿಕ್ಕ ಪ್ಯಾನೆಲ್‌ನಲ್ಲಿ ಕರೆಂಟ್ ದಬ್ಬನೆ ಬೀಳುತ್ತೆ. ಐದು ಸೆಕೆಂಡ್ ಸಾಕು, ಮುಚ್ಚಿದ ಸೆಲ್ ಕಾಯುತ್ತೆ.

ಎಚ್ಚರಿಕೆ: ಮೀಟರ್ ಆಂಪ್ಸ್‌ನಲ್ಲಿ ಇರುವಾಗ ಬ್ಯಾಟರಿಗೆ ಯಾವತ್ತೂ ಮುಟ್ಟಿಸಬೇಡಿ. ಕೆಲಸ ಮುಗಿದ ಕೂಡಲೇ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಇದು 100 ವ್ಯಾಟ್ ಒಳಗಿನ ಒಂಟಿ ಪ್ಯಾನೆಲ್‌ಗೆ ಮಾತ್ರ. ಪಂಪ್‌ಸೆಟ್ ಮತ್ತು ಮಾಳಿಗೆ ಮೇಲಿನ ದೊಡ್ಡ ಸಿಸ್ಟಂಗಳಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತೆ, ಜೀವಕ್ಕೇ ಅಪಾಯ.

ಪಾವಗಡದಲ್ಲಿ ನಡೀತಿರೋದೂ ಇದೇ

ನಮ್ಮ ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್ ಗೊತ್ತಲ್ಲ? ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ರೈತರ ಜಮೀನನ್ನು ಗುತ್ತಿಗೆಗೆ ಪಡೆದು ಕಟ್ಟಿದ್ದು, 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಅಲ್ಲಿ ಸಾಲು ಸಾಲಿಗೆ ನಡುವೆ ಅಷ್ಟೊಂದು ಜಾಗ ಯಾಕೆ ಬಿಟ್ಟಿದ್ದಾರೆ ಅನ್ನೋದಕ್ಕೆ ನಿಮ್ಮ ರಟ್ಟಿನ ತುಂಡೇ ಉತ್ತರ: ಮುಂದಿನ ಸಾಲಿನ ನೆರಳು ಹಿಂದಿನದರ ಮೇಲೆ ಬೀಳಬಾರದು. ದೊಡ್ಡ ಪ್ಯಾನೆಲ್‌ಗಳಲ್ಲಿ ಬೈಪಾಸ್ ಡಯೋಡ್ ಕೂಡ ಇರುತ್ತೆ. ನೆರಳು ಬಿದ್ದ ಭಾಗವನ್ನು ಪಕ್ಕಕ್ಕೆ ಬಿಟ್ಟು ಕರೆಂಟ್ ಮುಂದೆ ಹೋಗೋಕೆ ಅದು ಬದಲಿ ದಾರಿ. ಧೂಳು ಕೂತರೂ ಬೆಳಕು ಕಮ್ಮಿ ಆಗೋದ್ರಿಂದ ಆಗಾಗ ಒರೆಸಲೇಬೇಕು.

ಇನ್ನೊಂದು ವಿಷಯ. ಬಿಸಿಲು ಜಾಸ್ತಿ ಆದಷ್ಟೂ ಕರೆಂಟ್ ಜಾಸ್ತಿ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಪ್ಯಾನೆಲ್‌ಗೆ ಬೇಕಾಗಿರೋದು ಬೆಳಕು, ಶಾಖ ಬೇಡ. ಲೇಬಲ್ ಮೇಲಿನ ವ್ಯಾಟ್ ಲೆಕ್ಕ 25 ಡಿಗ್ರಿ ಸೆಲ್ಸಿಯಸ್‌ನದು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದ್ರೂ ಸುಮಾರು ಶೇ 0.4ರಷ್ಟು ಶಕ್ತಿ ಕಮ್ಮಿ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಮುಟ್ಟಿದ್ರೆ ಶೇ 14ರಷ್ಟು ಅಲ್ಲೇ ಹೋಯ್ತು. ಅದಕ್ಕೇ ಶೀಟ್‌ಗೆ ಅಂಟಿಸಿ ಕೂರಿಸಬೇಡಿ, ಕೆಳಗೆ ಗಾಳಿ ಆಡೋಕೆ ಒಂದು ಗೇಣು ಜಾಗ ಬಿಡಿ. ದಕ್ಷಿಣಕ್ಕೆ ಮುಖ ಮಾಡಿ 14 ಡಿಗ್ರಿ ಆಸುಪಾಸು ಓರೆ ಇಡಿ. ನಮ್ಮ ಕಡೆಯ ಅಕ್ಷಾಂಶವೂ ಅಷ್ಟೇ.

ನಾನು ಕೊನೆಗೆ ಬೇರೆ ಪ್ಯಾನೆಲ್ ತಂದೆ. ಈ ಸಲ ಮೀಟರ್ ನಾನೇ ತಗೊಂಡು ಹೋಗಿದ್ದೆ, ಆಂಪ್ಸ್ ನೋಡಿದ ಮೇಲೇ ದುಡ್ಡು ಕೊಟ್ಟಿದ್ದು. ಮನೆ ಮುಂದಿನ ತೆಂಗಿನ ಗರಿ ನೆರಳು ಬೀಳದ ಕಡೆ ಕೂರಿಸಿದ್ದೀನಿ. ಈಗ ಅಮ್ಮ ಬೆಳಗಿನ ಜಾವ ಹಾಲು ಕರೆಯೋಕೆ ಎದ್ದಾಗಲೂ ಕೊಟ್ಟಿಗೆ ಲೈಟ್ ಉರೀತಾ ಇರುತ್ತೆ.