ಅಗಸಿ ಎಣ್ಣೆ ಮತ್ತು ರಕ್ತದ ಕ್ಯಾನ್ಸರ್: ನಾನು ಕೇಳಿ ತಿಳಿದದ್ದು

ಅಥಣಿ ತಾಲೂಕಿನ ಮೂಡಣ ಭಾಗದಲ್ಲಿ ನಂದು ಆರು ಎಕರೆ ಎರೆ ಹೊಲ. ಹೊಳೆದಂಡೆಯ ರಾಯಬಾಗ, ಕಾಗವಾಡದವರ ಹಾಗೆ ಕಬ್ಬಿಲ್ಲ, ನಿಪ್ಪಾಣಿಯವರ ಹಾಗೆ ತಂಬಾಕಿಲ್ಲ. ಹಿಂಗಾರಿ ಮಳೆಯಾದರೆ ಬಿಳಿಜೋಳ, ಕಡಲಿ. ದನ ಬಾಯಿ ಹಾಕಬಾರದೆಂದು ಅಂಚಿಗೆ ಮುಳ್ಳಿನ ಕುಸುಬಿ, ಒಂದು ಪಟ್ಟಿ ಅಗಸಿ. ಕಲಿತದ್ದು ಏಳನೇತ್ತೆ. ಕ್ಯಾನ್ಸರ್ ಬಗ್ಗೆ ಬರೆಯುವಷ್ಟು ಶಾಣ್ಯಾ ಅಲ್ಲ. ಆದರೂ ಬರೆಯಲು ಕಾರಣವಿದೆ.

ಮೂರು ವರ್ಷದ ಹಿಂದೆ ನನ್ನ ತಮ್ಮನ ಮಗಳಿಗೆ ಜ್ವರ ಬಿಡಲೇ ಇಲ್ಲ. ಆಗ ಅವಳಿಗೆ ಏಳು ವರ್ಷ. ಮುಖ ಬಿಳಚಿಕೊಂಡಿತು, ಕಾಲ ಮೇಲೆ ನೀಲಿ ಕಲೆ ಎದ್ದವು. ಮಿರಜಿಗೆ ಒಯ್ದೆವು. ರಕ್ತ, ಎಲುಬಿನ ಮಜ್ಜೆ ತಪಾಸಣೆ ಮಾಡಿ ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಅಂದರು. ಔಷಧ ಸುರುವಾಯಿತು. ಕೂದಲು ಹೋಯಿತು, ಬಾಯಿ ಹುಣ್ಣಾಯಿತು. ನಾಲ್ಕು ತಿಂಗಳಿಗೆ ಡಾಕ್ಟರ್ ಸಾಹೇಬರು, "ಈಗ ಕೆಟ್ಟ ಕಣ ಕಾಣುತ್ತಿಲ್ಲ. ಆದರೂ ಔಷಧ ಇನ್ನೂ ಎರಡು ವರ್ಷ ಬೇಕು" ಎಂದರು.

ಆಗ ಬೀಗರೊಬ್ಬರು ಬಂದು, "ಕಣಾನ ಕಾಣವಲ್ವು ಅಂದಮ್ಯಾಲ ಔಷಧ ಯಾಕ? ಅದು ಬೆಂಕಿ ಇದ್ದಂಗ. ದಿನಾ ಮುಂಜಾನೆ ಎರಡು ಚಮಚ ಅಗಸಿ ಎಣ್ಣಿ ಕುಡಸ್ರಿ. ಅದರಿಂದ ಕ್ಯಾನ್ಸರ್ ಕಣ ಸಾಯತಾವಂತ" ಎಂದರು. ತಮ್ಮ ಅಷ್ಟರಲ್ಲಿ ಒಂದು ಎತ್ತು ಮಾರಿದ್ದ. ನನ್ನ ಹತ್ತಿರ ಬಂದು, "ಅಣ್ಣಾ, ಅಗಸಿ ಬೆಳಿಯಾಂವ ನೀನು. ನೀನ ಹೇಳು" ಅಂದ. "ಕೇಳಿ ಹೇಳತೀನಿ. ಅಲ್ಲೀತನಕ ಔಷಧ ಬಿಡಬ್ಯಾಡ" ಅಂದೆ. ಡಾಕ್ಟರರನ್ನೂ ಚಿಕ್ಕೋಡಿಯ ಒಬ್ಬ ವಿಜ್ಞಾನ ಮಾಸ್ತರರನ್ನೂ ಕೇಳಿದೆ. ತಿಳಿದದ್ದು ಇಷ್ಟು.

ಎಣ್ಣೆಯೊಳಗೆ ಏನಿದೆ?

ಎಲ್ಲ ಎಣ್ಣೆಯೂ ಕೊಬ್ಬಿನ ಆಮ್ಲಗಳಿಂದಲೇ ಆದದ್ದು. ಆಮ್ಲದ ಜಾತಿ ಮಾತ್ರ ಬೇರೆ. ನಮ್ಮ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಅಗಸಿಯಲ್ಲಿ ಸುಮಾರು ಅರ್ಧದಷ್ಟು ಆಲ್ಫಾ ಲಿನೋಲೆನಿಕ್. ಶೇಂಗಾದಲ್ಲಿ ಓಲಿಯಿಕ್ ಹೆಚ್ಚು. ಮೊದಲಿನ ಎರಡನ್ನು ನಮ್ಮ ಮೈ ತಾನಾಗಿ ಮಾಡಿಕೊಳ್ಳಲಾರದು, ತಿಂದೇ ಪಡೆಯಬೇಕು. ಇಂಥ ಕೊಬ್ಬು ಜೀವಕ್ಕೆ ಬೇಕೇ ಬೇಕೆಂದು 1929ರಲ್ಲಿ ಅಮೆರಿಕದ ಬರ್ ದಂಪತಿ ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಹಾಕಿ ತೋರಿಸಿದರು.

ಮೈಯ ಪ್ರತಿ ಕಣದ ಹೊರಪೊರೆ ಕೊಬ್ಬಿನದು. ಲುಕೇಮಿಯಾ ಕಣ ಒಂದೇ ಸವನೆ ಒಡೆದು ಎರಡಾಗುತ್ತದೆ. ಹೊಸ ಪೊರೆ ಕಟ್ಟಲು ಅದಕ್ಕೆ ಕೊಬ್ಬು ಬೇಕು. ಕೆಲವು ಕಣ ಕೊಬ್ಬನ್ನೇ ಸುಟ್ಟು ಶಕ್ತಿ ಪಡೆಯುತ್ತವೆ. ಅಂದಮೇಲೆ ಕೊಬ್ಬು ಅದಕ್ಕೆ ಗೊಬ್ಬರವೂ ಆಗಬಲ್ಲದು.

ವಿಷವೂ ಆಗಬಲ್ಲದು. ಅಗಸಿ ಎಣ್ಣೆ ಕಟ್ಟಿಗೆಗೆ ಹಚ್ಚಿದರೆ ಗಾಳಿ ಕುಡಿದು ಗಟ್ಟಿಯಾಗುವುದನ್ನು ನೋಡಿದ್ದೀರಿ. ಕೆಲವು ಕೊಬ್ಬಿನ ಆಮ್ಲಗಳು, ಮುಖ್ಯವಾಗಿ ಮೀನೆಣ್ಣೆಯವು ಮತ್ತು ಗಾಮಾ ಲಿನೋಲೆನಿಕ್, ಕಣದೊಳಗೆ ಸೇರಿ ಹೀಗೇ ಆಮ್ಲಜನಕದೊಂದಿಗೆ ಕೂಡಿ ಕೆಟ್ಟರೆ ಕಣ ಸಾಯುತ್ತದೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಲುಕೇಮಿಯಾ ಕಣಗಳು ಹೀಗೆ ಸತ್ತದ್ದು ನಿಜ. ಬೀಗರು ಹೇಳಿದ್ದು ಪೂರ್ತಿ ಸುಳ್ಳಲ್ಲ.

ತಟ್ಟೆ ಬೇರೆ, ಮೈ ಬೇರೆ

ಕುಂಡದಲ್ಲಿ ಬಂದ ಬೆಳೆ ಹೊಲದಲ್ಲಿ ಬರುತ್ತದೆಂಬ ಖಾತ್ರಿ ಉಂಟೇ? ತಟ್ಟೆಯಲ್ಲಿ ಆಮ್ಲವನ್ನು ನೇರ ಕಣದ ಮೇಲೆ ಹಾಕುತ್ತಾರೆ. ನಾವು ಕುಡಿದ ಎಣ್ಣೆ ಕರುಳು ದಾಟಬೇಕು. ಸ್ವಲ್ಪ ಉರಿದುಹೋಗುತ್ತದೆ, ಸ್ವಲ್ಪ ಕೊಬ್ಬಾಗಿ ಕೂಡುತ್ತದೆ. ಅಗಸಿಯ ಆಮ್ಲ ಮೀನೆಣ್ಣೆಯ ಆಮ್ಲವಾಗಿ ಬದಲಾಗುವುದು ಬಹಳ ಕಡಿಮೆ. ಎಣ್ಣೆ ಕುಡಿಸಿ ಮಕ್ಕಳ ಲುಕೇಮಿಯಾ ಗುಣವಾದದ್ದು ಸಾಬೀತಾಗಿಲ್ಲ.

ದನ ಕಟ್ಟಿದವರಿಗೆ ಇನ್ನೊಂದು ಸುದ್ದಿ. ಹಸಿ ಹುಲ್ಲು ತಿಂದ ದನದ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಟ್ರಾನ್ಸ್ ವ್ಯಾಕ್ಸೆನಿಕ್ ಎಂಬ ಆಮ್ಲ ಮಾಡುತ್ತವೆ. ಅದು ಹಾಲಿಗೂ ಬರುತ್ತದೆ. ಅದು ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಿಗೆ ಬಲ ಕೊಡುತ್ತದೆಂದು ಶಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ಇಲಿಗಳಲ್ಲಿ ತೋರಿಸಿದರು. ಪ್ರಯೋಗಶಾಲೆಯಲ್ಲಿ ಒಂದು ಔಷಧದ ಜೊತೆಗೆ ಲುಕೇಮಿಯಾ ಕಣ ಕೊಲ್ಲಲೂ ನೆರವಾಯಿತು. ಆದರೆ ಅದು ಔಷಧದ ಜೊತೆಗೆ, ಔಷಧದ ಬದಲಿಗೆ ಅಲ್ಲ.

ತಿನ್ನುವ ವಸ್ತುವೆಂದರೆ ಅಪಾಯವಿಲ್ಲ ಅನ್ನುವುದೂ ತಪ್ಪು. ಅಮೆರಿಕದ ಡಾ. ಸಿಡ್ನಿ ಫಾರ್ಬರ್ ಲುಕೇಮಿಯಾ ಮಕ್ಕಳಿಗೆ ಫೋಲಿಕ್ ಆಮ್ಲದ ಜೀವಸತ್ವ ಕೊಟ್ಟಾಗ ರೋಗ ಇನ್ನೂ ಜೋರಾದಂತೆ ಕಂಡಿತು. ಆಗ ಅದನ್ನು ತಡೆಯುವ ಅಮಿನೋಪ್ಟೆರಿನ್ ಔಷಧ ಕೊಟ್ಟರು. ಅದನ್ನು ಒದಗಿಸಿದ್ದು ನಮ್ಮ ಆಂಧ್ರದವರೇ ಆದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. 1948ರಲ್ಲಿ ಮೊದಲ ಸಲ ಮಕ್ಕಳು ಕೆಲವು ತಿಂಗಳಾದರೂ ಚೇತರಿಸಿಕೊಂಡರು, ಆದರೆ ರೋಗ ಮರಳಿ ಬಂತು. ಮುಂದೆ ನಾಲ್ಕಾರು ಔಷಧ ಕೂಡಿಸಿ ವರ್ಷಗಟ್ಟಲೆ ಕೊಡುವುದನ್ನು ಕಲಿತ ಮೇಲೆ ಗುಣವಾಗತೊಡಗಿದರು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಜಾತಿಯ ಲುಕೇಮಿಯಾಕ್ಕೆ ಪೂರ್ತಿ, ಒಳ್ಳೇ ಚಿಕಿತ್ಸೆ ಸಿಕ್ಕಲ್ಲಿ ಇಂದು ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಉಳಿಯುತ್ತಾರೆ.

ಕಣ ಕಾಣದಿದ್ದರೂ ಔಷಧ ಯಾಕೆ? ಕರಕಿ ಕಿತ್ತವರಿಗೆ ಇದನ್ನು ಹೇಳಬೇಕಿಲ್ಲ. ಒಮ್ಮೆ ಹರಗಿದರೆ ಹೊಲ ಸ್ವಚ್ಛ ಕಾಣುತ್ತದೆ. ಒಂದು ಗಿಣ್ಣು ಉಳಿದಿದ್ದರೆ ಮುಂದಿನ ಮಳೆಗೆ ಮತ್ತೆ ಹಬ್ಬಿತು. ನಮ್ಮ ಹುಡುಗಿಯ ಪಕ್ಕದ ಖಾಟಿನಲ್ಲಿದ್ದ ಹುಡುಗನನ್ನು ಮನೆಯವರು ಅರ್ಧಕ್ಕೇ ಬಿಡಿಸಿಕೊಂಡು ಹೋದರು. ಎಂಟು ತಿಂಗಳಿಗೆ ತಿರುಗಿ ಬಂದ. ಉಳಿಯಲಿಲ್ಲ. ಅವನ ತಾಯಿಯ ಅಳು ಕೇಳಿದ ದಿನದಿಂದ ತಮ್ಮ ಔಷಧ ಬಿಡುವ ಮಾತೆತ್ತಲಿಲ್ಲ.

ರೈತ ಬಂಧುಗಳಿಗೆ ನಾಲ್ಕು ಮಾತು

ಜ್ವರ, ಬಿಳುಪು, ನೀಲಿ ಕಲೆ, ಎಲುಬು ನೋವು ಹೋಗದೇ ಇದ್ದರೆ ತಡ ಮಾಡದೆ ರಕ್ತ ತೋರಿಸಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆಂದು ಮೊದಲೇ ವಿಚಾರಿಸಿರಿ. ನಾವು ವಿಚಾರಿಸಿದ್ದು ಎತ್ತು ಮಾರಿದ ಮೇಲೆ. ಚಿಕಿತ್ಸೆ ನಡೆದಾಗ ಎಣ್ಣೆ, ಟಾನಿಕ್, ಜೀವಸತ್ವದ ಗುಳಿಗೆ ಯಾವುದನ್ನೂ ಡಾಕ್ಟರರನ್ನು ಕೇಳದೆ ಕೊಡಬೇಡಿರಿ. ಅರ್ಧಕ್ಕೆ ಬಿಡಬೇಡಿರಿ.

ಮೊನ್ನೆ ಯುಗಾದಿಗೆ ಹುಡುಗಿಯ ಔಷಧ ಮುಗಿಯಿತು. ತಪಾಸಣೆಗೆ ಇನ್ನೂ ಹೋಗಬೇಕು. ಜಡೆ ಹಾಕುವಷ್ಟು ಕೂದಲು ಬಂದಿದೆ, ಸಾಲೆಗೆ ಹೋಗುತ್ತಾಳೆ. ಡಾಕ್ಟರರನ್ನು ಕೇಳಿಯೇ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿ ಕೊಟ್ಟೆವು. ಈ ವರ್ಷವೂ ಅಗಸಿ ಬಿತ್ತುತ್ತೇನೆ. ಊಟಕ್ಕೆಂದು ಕೇಳಿದವರಿಗೆ ಮಾರುತ್ತೇನೆ. ಔಷಧಕ್ಕೆಂದು ಕೇಳಿದವರಿಗೆ ಮಿರಜಿನ ಬಸ್ಸು ತೋರಿಸುತ್ತೇನೆ.