ವಿದೇಶವಾಸಿಗಳ ಸ್ಥಿರಾಸ್ತಿ ವ್ಯವಹಾರ: ಪೂರ್ವಾನುಮತಿಯಿಂದ ಸ್ವಂತ ಹೊಣೆಗಾರಿಕೆಯ ಕಡೆಗೆ

ಕಲಬುರಗಿ ನಗರದ ಅಂಚಿನಲ್ಲಿರುವ ತಾಜಸುಲ್ತಾನಪುರ, ಕಪನೂರು ಮೊದಲಾದ ಕಡೆಗಳಲ್ಲಿ ತೊಗರಿ ಬೆಳೆಯುತ್ತಿದ್ದ ಹೊಲಗಳು ನಿವೇಶನಗಳಾಗಿ, ಗೋದಾಮುಗಳಾಗಿ ಮಾರ್ಪಡುತ್ತಿರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. 2023ರಲ್ಲಿ ಕೇಂದ್ರ ಸರ್ಕಾರವು ಪಿಎಂ ಮಿತ್ರ ಜವಳಿ ಪಾರ್ಕುಗಳಿಗೆ ಆಯ್ಕೆ ಮಾಡಿದ ಏಳು ಸ್ಥಳಗಳ ಪಟ್ಟಿಯಲ್ಲಿ ಕಲಬುರಗಿಯ ಹೆಸರೂ ಸೇರಿತು. ಸೌದಿ, ದುಬೈ, ಅಮೆರಿಕಗಳಲ್ಲಿ ದುಡಿಯುತ್ತಿರುವ ನಮ್ಮ ಭಾಗದವರು ಊರಿನಲ್ಲಿ ಒಂದು ಆಸ್ತಿ ಇರಲೆಂದು ಬಯಸುವುದು ಸಹಜವೇ ಆಗಿದೆ.

ಈ ವಿಷಯದಲ್ಲಿ ವ್ಯಾಪಾರಿ ಬಂಧುಗಳಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ. ವಿದೇಶದಲ್ಲಿರುವವರ ಪ್ರತಿಯೊಂದು ಖರೀದಿಗೂ ರಿಜರ್ವ್ ಬ್ಯಾಂಕಿನ ಅನುಮತಿ ಬೇಕೆಂಬುದು ಒಂದು. ಈಗ ಯಾವ ಅನುಮತಿಯೂ ಬೇಡ, ಯಾರು ಏನನ್ನಾದರೂ ಕೊಳ್ಳಬಹುದೆಂಬುದು ಇನ್ನೊಂದು. ಮೊದಲನೆಯದರಿಂದ ಒಳ್ಳೆಯ ವ್ಯವಹಾರ ಕೈತಪ್ಪುತ್ತದೆ; ಎರಡನೆಯದರಿಂದ ದಂಡ ತಲೆಯ ಮೇಲೆ ಬರುತ್ತದೆ. ಪೂರ್ವಾನುಮತಿಯ ಪದ್ಧತಿ ಬಹುಮಟ್ಟಿಗೆ ಹೋಗಿದೆ ಎಂಬುದು ನಿಜ. ಆದರೆ ಅಂದು ಅಧಿಕಾರಿಯು ಮಾಡುತ್ತಿದ್ದ ಪರಿಶೀಲನೆಯ ಹೊಣೆ ಇಂದು ಕೊಳ್ಳುವವರ ಮತ್ತು ಮಾರುವವರ ಮೇಲೆಯೇ ಬಿದ್ದಿದೆ. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಿಂದಿನ ವ್ಯವಸ್ಥೆ

1974ರ ಜನವರಿ 1ರಿಂದ ಜಾರಿಗೆ ಬಂದ 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ, ಅಂದರೆ ‘ಫೆರಾ’ದ, 31ನೆಯ ಕಲಮಿನಂತೆ ಭಾರತದ ಪೌರನಲ್ಲದ ವ್ಯಕ್ತಿಯು ರಿಜರ್ವ್ ಬ್ಯಾಂಕಿನ ಪೂರ್ವಾನುಮತಿ ಇಲ್ಲದೆ ಇಲ್ಲಿಯ ಸ್ಥಿರಾಸ್ತಿಯನ್ನು ಪಡೆಯುವಂತೆಯೂ ಇರಲಿಲ್ಲ, ಮಾರಾಟ, ಅಡಮಾನ ಅಥವಾ ದಾನದ ಮೂಲಕ ಪರಭಾರೆ ಮಾಡುವಂತೆಯೂ ಇರಲಿಲ್ಲ. ಐದು ವರ್ಷಗಳನ್ನು ಮೀರದ ಗೇಣಿಗೆ ಮಾತ್ರ ವಿನಾಯಿತಿ ಇತ್ತು.

ಈ ಅನುಮತಿಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಆಸ್ತಿಯೊಂದರ ಪ್ರಕರಣ ಸಾಕ್ಷಿಯಾಗಿದೆ. ವಿದೇಶಿ ಪೌರತ್ವದ ವಿಧವೆಯೊಬ್ಬರು 1977ರಲ್ಲಿ ತಮ್ಮ ಆಸ್ತಿಯಲ್ಲಿನ 12,306 ಚದರಡಿ ಭಾಗವನ್ನು ರಿಜರ್ವ್ ಬ್ಯಾಂಕಿನ ಅನುಮತಿ ಪಡೆಯದೆ ದಾನಪತ್ರದ ಮೂಲಕ ಕೊಟ್ಟರು. ವ್ಯಾಜ್ಯವು ಕೆಳಗಿನ ನ್ಯಾಯಾಲಯ, ಉಚ್ಚ ನ್ಯಾಯಾಲಯಗಳನ್ನು ದಾಟಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2021ರ ಫೆಬ್ರವರಿ 26ರಂದು ಸರ್ವೋಚ್ಚ ನ್ಯಾಯಾಲಯವು ಆ ಪೂರ್ವಾನುಮತಿ ಕಡ್ಡಾಯವಾಗಿತ್ತೆಂದೂ, ಅದಿಲ್ಲದ ವರ್ಗಾವಣೆಯನ್ನು ಜಾರಿಗೊಳಿಸಲಾಗದೆಂದೂ ತೀರ್ಪಿತ್ತಿತು. ಅದಾಗಲೇ ಅಂತಿಮಗೊಂಡಿರುವ ಇತರ ವ್ಯವಹಾರಗಳನ್ನು ಈ ತೀರ್ಪಿನ ಆಧಾರದಲ್ಲಿ ಮತ್ತೆ ತೆರೆಯಬಾರದೆಂದೂ ಹೇಳಿತು. ಫೆರಾ ರದ್ದಾಗಿ ಎರಡು ದಶಕಗಳು ಕಳೆದ ಮೇಲೆಯೂ ಅದರ ಕಾಲದ ಲೋಪವೊಂದು ದಾನಪತ್ರವನ್ನು ನಿಲ್ಲಗೊಡಲಿಲ್ಲ. ಹಳೆಯ ಆಸ್ತಿಯ ಹಕ್ಕಿನ ಸರಪಣಿಯಲ್ಲಿ 1974ರಿಂದ 2000ದ ನಡುವೆ ವಿದೇಶಿ ಪೌರರೊಬ್ಬರ ಹೆಸರು ಕಂಡುಬಂದರೆ ಅಂದಿನ ಅನುಮತಿಪತ್ರವನ್ನು ಕೇಳುವುದು ಇಂದಿಗೂ ಅವಶ್ಯ.

ಸುಧಾರಣೆಯ ಹಂತಗಳು

1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ‘ಫೆಮಾ’, 2000ದ ಜೂನ್ 1ರಿಂದ ಜಾರಿಗೆ ಬಂದಿತು. ಹೆಸರಿನಲ್ಲಿ ‘ನಿಯಂತ್ರಣ’ ಹೋಗಿ ‘ನಿರ್ವಹಣೆ’ ಬಂದಂತೆ ಕಾರ್ಯವಿಧಾನವೂ ಬದಲಾಯಿತು. ಅನಿವಾಸಿ ಭಾರತೀಯರಿಗೂ ಭಾರತೀಯ ಮೂಲದ ವಿದೇಶಿ ಪೌರರಿಗೂ ಕೃಷಿ ಭೂಮಿ, ತೋಟ ಹಾಗೂ ತೋಟದ ಮನೆಗಳನ್ನು ಬಿಟ್ಟು ಉಳಿದ ಸ್ಥಿರಾಸ್ತಿಯನ್ನು ಕೊಳ್ಳಲು ಸಾರ್ವತ್ರಿಕ ಅನುಮತಿ ದೊರೆಯಿತು. ಪ್ರತಿಯೊಬ್ಬರೂ ಅರ್ಜಿ ಸಲ್ಲಿಸಿ ಕಾಯಬೇಕಾದ ಅಗತ್ಯ ಉಳಿಯಲಿಲ್ಲ. ಈ ನಿಯಮಗಳು 2018ರಲ್ಲಿ ಪರಿಷ್ಕೃತಗೊಂಡು, 2019ರ ಅಕ್ಟೋಬರ್ 17ರಂದು ಕೇಂದ್ರ ಸರ್ಕಾರ ಹೊರಡಿಸಿದ ‘ಋಣೇತರ ಸಾಧನಗಳ ನಿಯಮಗಳು’ ಎಂಬುದರಲ್ಲಿ ಸೇರಿದವು.

ಕಟ್ಟಡ ಮತ್ತು ಬಡಾವಣೆ ನಿರ್ಮಾಣದ ಕಂಪನಿಗಳಲ್ಲಿ ವಿದೇಶಿ ನೇರ ಬಂಡವಾಳದ ದಾರಿಯೂ ಹಂತಹಂತವಾಗಿ ಸುಗಮವಾಯಿತು. 2005ರ ಮಾರ್ಚ್‌ನಲ್ಲಿ ಶೇ. 100ರಷ್ಟು ಬಂಡವಾಳಕ್ಕೆ ಪೂರ್ವಾನುಮತಿ ಇಲ್ಲದ ‘ಸ್ವಯಂಚಾಲಿತ ಮಾರ್ಗ’ ತೆರೆಯಿತು. ಆದರೆ ಕಟ್ಟಡ ಯೋಜನೆಗೆ ಕನಿಷ್ಠ 50,000 ಚದರ ಮೀಟರ್ ವಿಸ್ತೀರ್ಣ, ಪೂರ್ಣ ವಿದೇಶಿ ಒಡೆತನದ ಕಂಪನಿಗೆ ಕನಿಷ್ಠ 1 ಕೋಟಿ ಡಾಲರ್ ಬಂಡವಾಳ ಎಂಬ ಷರತ್ತುಗಳಿದ್ದವು. 2014ರ ಡಿಸೆಂಬರ್‌ನಲ್ಲಿ ಇವು 20,000 ಚದರ ಮೀಟರ್ ಮತ್ತು 50 ಲಕ್ಷ ಡಾಲರ್‌ಗಳಿಗೆ ಇಳಿದವು. 2015ರ ನವೆಂಬರ್‌ನಲ್ಲಿ ಎರಡೂ ಷರತ್ತುಗಳು ರದ್ದಾದವು. 2017ರ ಮೇ ತಿಂಗಳಿನಲ್ಲಿ ವಿದೇಶಿ ಹೂಡಿಕೆ ಉತ್ತೇಜನ ಮಂಡಳಿಯನ್ನೇ ರದ್ದುಗೊಳಿಸಿ, ಅನುಮತಿ ಬೇಕಾದ ವಿಷಯಗಳನ್ನು ಸಂಬಂಧಪಟ್ಟ ಸಚಿವಾಲಯಗಳಿಗೆ ವಹಿಸಲಾಯಿತು. ಈ ಹಾದಿಯಲ್ಲಿ ಬಾಗಿಲು ಸ್ವಲ್ಪ ಮುಚ್ಚಿದ ಸಂದರ್ಭವೂ ಉಂಟು: 2020ರ ಏಪ್ರಿಲ್‌ನಲ್ಲಿ ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳಿಂದ ಬರುವ ಬಂಡವಾಳಕ್ಕೆ ಸರ್ಕಾರದ ಅನುಮತಿಯನ್ನು ಕಡ್ಡಾಯಗೊಳಿಸಲಾಯಿತು.

ಇಷ್ಟು ಸಡಿಲಿಕೆಯಾದರೂ, ಲಾಭಕ್ಕಾಗಿ ಜಮೀನನ್ನು ಕೊಂಡು ಹಾಗೆಯೇ ಮಾರುವ ವ್ಯವಹಾರಕ್ಕೆ ವಿದೇಶಿ ಬಂಡವಾಳ ನಿಷಿದ್ಧವಾಗಿಯೇ ಉಳಿದಿದೆ. ಬಡಾವಣೆ ಅಭಿವೃದ್ಧಿಪಡಿಸುವುದು ಬೇರೆ. ನಾಲ್ಕು ಎಕರೆ ಹಿಡಿದು ಬೆಲೆ ಏರುವುದನ್ನು ಕಾಯುವುದು ಬೇರೆ.

2020ರ ರಾಜ್ಯ ತಿದ್ದುಪಡಿ: ಎಲ್ಲಿ ಗೊಂದಲ?

ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಯೇತರ ಆದಾಯ ನಿಗದಿತ ಮಿತಿಯನ್ನು ಮೀರಿದವರೂ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದವು. 2020ರ ಜುಲೈನಲ್ಲಿ ಸುಗ್ರೀವಾಜ್ಞೆಯ ಮೂಲಕವೂ, ಅದೇ ವರ್ಷದ ಕೊನೆಯಲ್ಲಿ ತಿದ್ದುಪಡಿ ಕಾಯ್ದೆಯ ಮೂಲಕವೂ ಈ ಕಲಮುಗಳನ್ನು ತೆಗೆದುಹಾಕಲಾಯಿತು. ಅಂದಿನಿಂದ, “ಇನ್ನು ದುಬೈಯಲ್ಲಿರುವ ತಮ್ಮನೂ ಹೊಲ ಕೊಳ್ಳಬಹುದು” ಎಂಬ ಮಾತು ಕೇಳಿಬರುತ್ತಿದೆ. ಇದು ಸರಿಯಲ್ಲ.

ರಾಜ್ಯದ ಕಾಯ್ದೆಯು ‘ಕೃಷಿಕನೇ, ಅಲ್ಲವೇ’ ಎಂದು ನೋಡುತ್ತಿತ್ತು; ಕೇಂದ್ರದ ಫೆಮಾ ‘ನಿವಾಸಿಯೇ, ಅನಿವಾಸಿಯೇ’ ಎಂದು ನೋಡುತ್ತದೆ. ಮೊದಲನೆಯ ಅಡ್ಡಿ ನಿವಾರಣೆಯಾದರೂ ಎರಡನೆಯದು ಹಾಗೆಯೇ ಇದೆ. ಭಾರತದ ಪಾಸ್‌ಪೋರ್ಟ್ ಹೊಂದಿದ ಅನಿವಾಸಿಯೂ ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಆದರೆ ಇಲ್ಲಿ ನಿವಾಸಿಯಾಗಿದ್ದಾಗ ಕೊಂಡ ಹೊಲವನ್ನು ಅಥವಾ ತಂದೆಯಿಂದ ವಾರಸಾಗಿ ಬಂದ ಹೊಲವನ್ನು ಅವನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದ ನಿವಾಸಿಗೆ ಮಾತ್ರ ಮಾರಬೇಕು.

ಕೃಷಿ ಭೂಮಿ ಎಂದರೆ ಯಾವುದು? ಫೆಮಾ ನಿಯಮಗಳಲ್ಲಿ ಇದರ ವ್ಯಾಖ್ಯೆ ಇಲ್ಲ. ವ್ಯವಹಾರದಲ್ಲಿ ಕಂದಾಯ ದಾಖಲೆಯೇ ಆಧಾರ. ಕಲ್ಲು ನೆಟ್ಟು, ಮೊರಂ ರಸ್ತೆ ಹಾಕಿ, ‘ಪ್ಲಾಟ್’ ಎಂದು ಫಲಕ ಹಾಕಿದ ಮಾತ್ರಕ್ಕೆ ಹೊಲವು ನಿವೇಶನವಾಗುವುದಿಲ್ಲ. ನಮ್ಮಲ್ಲಿ ರೂಢಿಯಲ್ಲಿರುವ ಮಾತಿನಂತೆ ‘ಎನ್.ಎ.’ ಆದೇಶ ಆಗಿದೆಯೇ, ಪಹಣಿಯಲ್ಲಿ ಏನಿದೆ, ಬಡಾವಣೆಯ ನಕ್ಷೆಗೆ ಸಕ್ಷಮ ಪ್ರಾಧಿಕಾರದ ಅನುಮೋದನೆ ಇದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಬೇಕು.

‘ಅನಿವಾಸಿ’ ಯಾರು?

ಉದ್ಯೋಗಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ವಿದೇಶಕ್ಕೆ ಹೋದ ವ್ಯಕ್ತಿಯು ಫೆಮಾದ ದೃಷ್ಟಿಯಲ್ಲಿ ಹೋದಂದಿನಿಂದಲೇ ಅನಿವಾಸಿಯಾಗುತ್ತಾನೆ. ಆದಾಯ ತೆರಿಗೆ ಕಾಯ್ದೆಯ ದಿನಗಳ ಎಣಿಕೆ ಬೇರೆ. ಪಡಿತರ ಚೀಟಿಯಲ್ಲಿ ಹೆಸರಿದೆ, ಆಧಾರ್ ಇದೆ, ವರ್ಷಕ್ಕೊಮ್ಮೆ ಊರಿಗೆ ಬರುತ್ತಾನೆ ಎಂಬ ಕಾರಣಗಳಿಂದ ಅವನು ನಿವಾಸಿಯಾಗುವುದಿಲ್ಲ. ಭಾರತೀಯ ಮೂಲವಲ್ಲದ, ವಿದೇಶದಲ್ಲಿಯೇ ನೆಲೆಸಿರುವ ವಿದೇಶಿ ಪೌರರು ಸಾಮಾನ್ಯವಾಗಿ ಐದು ವರ್ಷ ಮೀರದ ಗೇಣಿಯ ಹೊರತು ಇಲ್ಲಿ ಸ್ಥಿರಾಸ್ತಿ ಪಡೆಯುವಂತಿಲ್ಲ.

ಹಣ ಬರುವ ದಾರಿ

ಅನುಮತಿಪತ್ರ ಬೇಡವಾದ ಮೇಲೆ ವ್ಯವಹಾರದ ಶುದ್ಧತೆಗೆ ಬ್ಯಾಂಕಿನ ದಾಖಲೆಯೇ ಮುಖ್ಯ ಆಧಾರವಾಗಿದೆ. ಅನಿವಾಸಿಯು ಕೊಡುವ ಬೆಲೆಯು ಬ್ಯಾಂಕ್ ಮೂಲಕ ವಿದೇಶದಿಂದ ಬರಬೇಕು, ಇಲ್ಲವೇ ಅವನ ಎನ್.ಆರ್.ಇ., ಎನ್.ಆರ್.ಓ. ಅಥವಾ ಎಫ್.ಸಿ.ಎನ್.ಆರ್. ಖಾತೆಯಿಂದ ಬರಬೇಕು. ವಿದೇಶಿ ನೋಟುಗಳನ್ನು ಕೈಯಲ್ಲಿ ಎಣಿಸಿಕೊಳ್ಳುವಂತಿಲ್ಲ. ಅಲ್ಲಿ ಒಬ್ಬರಿಗೆ ರಿಯಾಲ್ ಕೊಟ್ಟು ಇಲ್ಲಿ ಇನ್ನೊಬ್ಬರಿಂದ ರೂಪಾಯಿ ಪಡೆಯುವ ಹವಾಲಾ ಪದ್ಧತಿಯು ನೇರವಾಗಿ ಕಾನೂನುಬಾಹಿರ.

ಮಗನ ಹಣದಿಂದ ತಂದೆಯ ಹೆಸರಿನಲ್ಲಿ ಹೊಲ ಕೊಳ್ಳುವ ಉಪಾಯವನ್ನು ಕೆಲವರು ಸೂಚಿಸುತ್ತಾರೆ. ಮಗ ನಿಜವಾಗಿಯೂ ತಂದೆಗೆ ಹಣವನ್ನು ದಾನವಾಗಿ ಕೊಟ್ಟು, ತಂದೆ ತನಗಾಗಿಯೇ ಕೊಂಡರೆ ಅದು ಒಂದು ಮಾತು. ಹೆಸರು ಮಾತ್ರ ತಂದೆಯದು, ಪ್ರಯೋಜನವೆಲ್ಲ ಮಗನದು ಎಂದಾದರೆ 2016ರ ನವೆಂಬರ್ 1ರಿಂದ ಬಿಗಿಗೊಂಡಿರುವ ಬೇನಾಮಿ ಕಾಯ್ದೆಯಡಿ ಆಸ್ತಿಯೇ ಮುಟ್ಟುಗೋಲಾಗುವ ಅಪಾಯವಿದೆ.

ಫೆಮಾ ಉಲ್ಲಂಘನೆಗೆ ಮೊತ್ತವನ್ನು ನಿರ್ಧರಿಸಬಹುದಾದಲ್ಲಿ ಅದರ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. 20 ಲಕ್ಷ ರೂಪಾಯಿಗಳ ಹೊಲಕ್ಕೆ ಈ ಮಿತಿ 60 ಲಕ್ಷವೆಂದಾಯಿತು.

ಅನಿವಾಸಿಯಿಂದ ಕೊಳ್ಳುವಾಗ ತೆರಿಗೆ ಕಡಿತ

ನಮ್ಮ ವ್ಯಾಪಾರಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮಾರುವವನು ನಿವಾಸಿಯಾಗಿದ್ದು ಬೆಲೆ 50 ಲಕ್ಷಕ್ಕಿಂತ ಕಡಿಮೆ ಇದ್ದರೆ ಕೊಳ್ಳುವವನು ತೆರಿಗೆ ಕಡಿತ ಮಾಡಬೇಕಾಗಿಲ್ಲ; 50 ಲಕ್ಷ ಮತ್ತು ಮೇಲ್ಪಟ್ಟರೆ ಶೇ. 1. ಮಾರುವವನು ಅನಿವಾಸಿಯಾದರೆ ಈ 50 ಲಕ್ಷದ ಮಿತಿ ಅನ್ವಯಿಸುವುದೇ ಇಲ್ಲ. 1961ರ ಕಾಯ್ದೆಯ 195ನೆಯ ಕಲಮಿನಲ್ಲಿದ್ದ ಈ ತತ್ತ್ವವನ್ನು, 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಉಳಿಸಿಕೊಳ್ಳಲಾಗಿದೆ. 24 ತಿಂಗಳಿಗಿಂತ ಹೆಚ್ಚು ಕಾಲ ಹೊಂದಿದ್ದ ಆಸ್ತಿಯ ದೀರ್ಘಾವಧಿ ಲಾಭಕ್ಕೆ 2024ರ ಜುಲೈ 23ರಿಂದ ದರ ಶೇ. 12.5, ಇದರ ಮೇಲೆ ಶೇ. 4 ಸೆಸ್, ಅನ್ವಯವಾದಲ್ಲಿ ಸರ್ಚಾರ್ಜ್.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಅನಿವಾಸಿಯೊಬ್ಬರು 30 ಲಕ್ಷಕ್ಕೆ ಕೊಂಡಿದ್ದ ನಿವೇಶನವನ್ನು ಅನೇಕ ವರ್ಷಗಳ ನಂತರ ಒಬ್ಬ ವರ್ತಕರಿಗೆ 48 ಲಕ್ಷಕ್ಕೆ ಮಾರುತ್ತಾರೆನ್ನಿ. ಲಾಭ 18 ಲಕ್ಷ. ಅದರ ಮೇಲಿನ ತೆರಿಗೆ 2,25,000, ಸೆಸ್ 9,000, ಒಟ್ಟು 2,34,000 ರೂಪಾಯಿ. ಲಾಭ ಎಷ್ಟೆಂಬುದನ್ನು ಕೊಳ್ಳುವವರು ತಾವಾಗಿ ತೀರ್ಮಾನಿಸುವುದು ಕ್ಷೇಮವಲ್ಲವಾದ್ದರಿಂದ, ಮಾರುವವರು ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಕಡಿತಕ್ಕೆ ಪ್ರಮಾಣಪತ್ರ ಪಡೆಯುವುದು ಉತ್ತಮ. ಅದಿಲ್ಲದಾಗ ಎಚ್ಚರಿಕೆಗಾಗಿ ಪೂರ್ಣ ಬೆಲೆಯ ಮೇಲೆಯೇ ಕಡಿತ ಮಾಡುವ ರೂಢಿಯಿದೆ. ಆಗ ಅದು 6,24,000 ರೂಪಾಯಿಗಳಾಗುತ್ತದೆ. ಏನನ್ನೂ ಕಡಿತ ಮಾಡದೆ ಪೂರ್ಣ ಹಣ ಕೊಟ್ಟುಬಿಟ್ಟರೆ, ಮಾರಿದವರು ವಿಮಾನ ಹತ್ತಿದ ಮೇಲೆ ಇಲಾಖೆಯು ಬಡ್ಡಿ ಸಹಿತ ವಸೂಲಿಗೆ ಬರುವುದು ಕೊಂಡವರ ಬಾಗಿಲಿಗೆ. ನಿವೇಶನದ ಮೇಲಿನ ಇಡೀ ಉಳಿತಾಯ ಅಲ್ಲಿಯೇ ಕರಗಿಹೋದೀತು.

ಮಾರಿದ ಹಣವನ್ನು ಅನಿವಾಸಿಯು ಎನ್.ಆರ್.ಓ. ಖಾತೆಯಿಂದ ತೆರಿಗೆ ಪಾವತಿಯ ದಾಖಲೆಗಳೊಡನೆ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು. ಆದುದರಿಂದ ತೆರಿಗೆ ಕಡಿತವು ಮಾರುವವರಿಗೂ ಉಪಯುಕ್ತವೆಂದು ಅವರಿಗೆ ವಿವರಿಸಿ ಹೇಳಬಹುದು.

ವ್ಯಾಪಾರಕ್ಕೆ ಬಂಡವಾಳವಾದರೆ?

ಜಮೀನಿನ ಬದಲು ನಮ್ಮ ದಾಲ್ ಮಿಲ್ಲಿನಲ್ಲಿಯೇ ಹಣ ತೊಡಗಿಸಬಹುದೇ ಎಂದು ಕೇಳುವ ಅನಿವಾಸಿ ಬಂಧುಗಳೂ ಇದ್ದಾರೆ. ಪಾಲುದಾರಿಕೆ ಸಂಸ್ಥೆಯಲ್ಲಿ ಅನಿವಾಸಿ ಭಾರತೀಯರು, ಬಂಡವಾಳವನ್ನು ಮರಳಿ ವಿದೇಶಕ್ಕೆ ಒಯ್ಯದಿರುವ ಷರತ್ತಿನ ಮೇಲೆ, ಪೂರ್ವಾನುಮತಿ ಇಲ್ಲದೆ ಹಣ ತೊಡಗಿಸಬಹುದು. ಸಂಸ್ಥೆಯು ಕೃಷಿ ಅಥವಾ ತೋಟಗಾರಿಕೆ, ಜಮೀನು ವ್ಯಾಪಾರ, ಮುದ್ರಣ ಮಾಧ್ಯಮಗಳಲ್ಲಿ ತೊಡಗಿರಬಾರದು. ಕಂಪನಿಯಲ್ಲಿ ಮರಳಿ ಒಯ್ಯಬಹುದಾದ ಷೇರು ಬಂಡವಾಳ ಪಡೆದರೆ, ಷೇರು ಹಂಚಿದ 30 ದಿನಗಳೊಳಗೆ ರಿಜರ್ವ್ ಬ್ಯಾಂಕಿಗೆ ನಿಗದಿತ ನಮೂನೆಯಲ್ಲಿ ವರದಿ ಸಲ್ಲಿಸಬೇಕು. ಘಟಕ ಸ್ಥಾಪನೆಯ ಸ್ಥಳೀಯ ಅನುಮೋದನೆಗಳಿಗೆ 2002ರ ಕರ್ನಾಟಕ ಕೈಗಾರಿಕೆಗಳ (ಸೌಲಭ್ಯ) ಕಾಯ್ದೆಯಂತೆ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿ ಇದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಎದುರು ಪಕ್ಷದವರು ನಿವಾಸಿಯೇ, ಅನಿವಾಸಿಯೇ, ವಿದೇಶಿ ಪೌರರೇ ಎಂಬುದನ್ನು ಲಿಖಿತ ಘೋಷಣೆ ಮತ್ತು ಪಾಸ್‌ಪೋರ್ಟ್ ಪ್ರತಿಯೊಡನೆ ಖಚಿತಪಡಿಸಿಕೊಳ್ಳಿರಿ.

2. ಕಂದಾಯ ದಾಖಲೆಯಲ್ಲಿ ಭೂಮಿ ಕೃಷಿಯೋ, ಕೃಷಿಯೇತರವೋ ನೋಡಿರಿ.

3. ಹಣವೆಲ್ಲವೂ ಬ್ಯಾಂಕಿನ ಮೂಲಕವೇ ಸಾಗಲಿ. ಬ್ಯಾಂಕಿನ ಹಣ ಜಮಾ ಪತ್ರಗಳನ್ನು ಕ್ರಯಪತ್ರದೊಡನೆ ಕಾಯ್ದಿಡಿರಿ.

4. ಮುಖ್ತ್ಯಾರನಾಮೆಯ ಮೇಲೆ ಬೇರೆಯವರು ಸಹಿ ಮಾಡಿದರೂ ಮಾರುವವನು ಅನಿವಾಸಿಯೇ ಎಂಬುದನ್ನು ಮರೆಯದಿರಿ. ತೆರಿಗೆ ಕಡಿತವು ಮಾಲೀಕನ ಸ್ಥಿತಿಯನ್ನು ಅವಲಂಬಿಸಿದೆ, ಸಹಿ ಮಾಡಿದವನದನ್ನಲ್ಲ.

5. ತೆರಿಗೆ ಕಡಿತದ ಮೊತ್ತವನ್ನು ಮುಂಗಡದ ಕರಾರಿನಲ್ಲಿಯೇ ಬರೆಯಿಸಿರಿ. ನೋಂದಣಿಯ ದಿನ ಮಾತಿಗೆ ಮಾತು ಬೆಳೆಯುವುದು ತಪ್ಪುತ್ತದೆ.

ಸುಧಾರಣೆಯಿಂದ ಸಮಯ ಉಳಿದಿದೆ, ಅಲೆದಾಟ ತಪ್ಪಿದೆ; ಇದನ್ನು ಸ್ವಾಗತಿಸಲೇಬೇಕು. ಆದರೆ ಹಿಂದೆ ಅರ್ಜಿ ತಿರಸ್ಕೃತವಾದರೆ ವ್ಯವಹಾರವೇ ನಡೆಯುತ್ತಿರಲಿಲ್ಲ, ನಷ್ಟವೂ ಆಗುತ್ತಿರಲಿಲ್ಲ. ಇಂದು ವ್ಯವಹಾರ ಮುಗಿದು, ಹಣ ಕೈಬಿಟ್ಟು, ಕೆಲವು ವರ್ಷಗಳ ನಂತರ ತಪ್ಪು ಬೆಳಕಿಗೆ ಬರುತ್ತದೆ. ಆದಕಾರಣ ಮುಂಗಡ ಕೊಡುವ ಮೊದಲು ಒಂದು ವಾರ ದಾಖಲೆಗಳನ್ನು ಪರಿಶೀಲಿಸುವುದು ಅಪನಂಬಿಕೆಯ ಮಾತಲ್ಲ. ಕೊಳ್ಳುವವರಿಗೂ ಮಾರುವವರಿಗೂ ಅದರಿಂದ ರಕ್ಷಣೆಯೇ ದೊರೆಯುತ್ತದೆ.