ಬಾಗಿಲು ಮುಚ್ಚಿದ ಲಾರಿಯಲ್ಲಿ ಕುಣಿದ ಕಾರು

ದಾವಣಗೆರೆ: ಮಂಡಿಪೇಟೆಯ ಬಟ್ಟೆ ಅಂಗಡಿ ಸಾಹುಕಾರರೊಬ್ಬರು ಮೊನ್ನೆ ನಮ್ಮನ್ನು ದಾರಿಯಲ್ಲೇ ತಡೆದು, "ಏನ್ರೀ ಪೇಪರ್‌ನೋರೆ, ಲಾರಿ ಒಳಗೆ ನಿಂತಿದ್ದ ಕಾರಿಗೆ ಆಕ್ಸಿಡೆಂಟ್ ಆಗೋದುಂಟೇನ್ರಿ?" ಎಂದರು. ತಮಾಷೆಯೆಂದು ನಾವು ನಕ್ಕೆವು. ಅವರು ನಗಲಿಲ್ಲ. ಅಂಗಡಿ ಹಿಂದಿನ ಓಣಿಗೆ ಕರೆದೊಯ್ದು ಕಾರನ್ನೇ ತೋರಿಸಿದರು.

ಮುಂದಿನ ಬಂಪರ್ ಒಳಕ್ಕೆ ಹೋಗಿದೆ. ಎಡಗಡೆಯ ಎರಡೂ ಬಾಗಿಲ ಮೇಲೆ ಉದ್ದಕ್ಕೆ ಗೀರು. ಪುಣೆಯಲ್ಲಿದ್ದ ಮಗ ಕೆಲಸ ಬದಲಿಸಿ ಊರಿಗೆ ಬಂದ. ಮಗ-ಸೊಸೆ ರೈಲು ಹತ್ತಿದರು, ಕಾರು ಬಾಡಿಗೆ ಕಂಟೇನರ್ ಲಾರಿ ಹತ್ತಿತು. ಮಳೆ, ಧೂಳು, ಕಲ್ಲು ಏನೂ ತಾಕದಿರಲಿ ಎಂದೇ ಹೆಚ್ಚು ಹಣ ಕೊಟ್ಟು ಮುಚ್ಚಿದ ಗಾಡಿ ಗೊತ್ತು ಮಾಡಿದ್ದು. ಇಲ್ಲಿ ಬಾಗಿಲು ತೆಗೆದಾಗ ಹಗ್ಗ ನೆಲದ ಮೇಲೆ ಬಿದ್ದಿತ್ತು, ಕಾರು ಮೂಲೆಗೆ ಒರಗಿತ್ತು. ಕೇಳಿದ್ದಕ್ಕೆ ಲಾರಿಯವನ ಉತ್ತರ: "ಹ್ಯಾಂಡ್‌ಬ್ರೇಕ್ ಹಾಕಿತ್ತು, ಗೇರಲ್ಲಿತ್ತು, ಹಗ್ಗಾನೂ ಕಟ್ಟಿತ್ತು. ಇನ್ನೇನ್ ಮಾಡ್ಲಿ ಸಾರ್?"

ಉತ್ತರ ಹುಡುಕಿ ನಾವು ಬೈಪಾಸಿಗೆ ಹೋದೆವು. ಹಿಂದಿನ ಎನ್‌ಎಚ್-4, ಈಗಿನ 48ನೇ ನಂಬರಿನ ಈ ಹೆದ್ದಾರಿಯಲ್ಲಿ ಹೊಸ ಕಾರು ತುಂಬಿದ ಉದ್ದುದ್ದ ಟ್ರೇಲರ್‌ಗಳು ಹಗಲು ರಾತ್ರಿ ಓಡುವುದನ್ನು ಬಸ್ಸಿನ ಕಿಟಕಿಯಿಂದ ನೋಡದವರು ನಮ್ಮೂರಲ್ಲಿ ಯಾರಿದ್ದಾರೆ? ಚಹಾ ಕುಡಿಯಲು ನಿಲ್ಲಿಸಿದ್ದ ರಾಜಸ್ಥಾನದ ಡ್ರೈವರ್ ಒಬ್ಬ, ನಮ್ಮ ಹರಕು ಹಿಂದಿಗೆ ಮರುಕಪಟ್ಟು, ಹಿಂದಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟ.

ಒಳಗೆ ಎರಡು ಅಟ್ಟ. ಚಕ್ರ ಕೂರುವಲ್ಲಿ ಸಾಲಾಗಿ ತೂತು ಕೊರೆದ ದಪ್ಪ ತಗಡು. ಪ್ರತಿ ಚಕ್ರಕ್ಕೆ ಹಿಂದೆ ಮುಂದೆ ಅಡ್ಡತುಂಡು, ಟೈರಿನ ಮೇಲೆ ಬಳಸಿ ಬಂದ ಅಗಲವಾದ ಬೆಲ್ಟು. ಬೆಲ್ಟಿನ ಕೊಕ್ಕೆ ತಗಡಿನ ತೂತಿಗೆ ಸಿಕ್ಕಿಸಿ, ಹಲ್ಲುಚಕ್ರದ ಹಿಡಿ ಎಳೆದು ಬಿಗಿದಿದ್ದಾರೆ. ಕಾರಿನ ಮೈಗೆ ಒಂದು ದಾರವೂ ಇಲ್ಲ! "ಗಾಡಿ ಮೇಲೆ ಕುಣೀಲಿ, ಚಕ್ರ ಕೆಳಗೆ ಕೂತಿರಬೇಕು, ಅಷ್ಟೇ" ಎಂದ ಆತ.

ಸಾಹುಕಾರರ ಕಾರು ಕೆಟ್ಟದ್ದು ಇಲ್ಲೇ. ಕಾರಿನ ಮೈ ಸ್ಪ್ರಿಂಗಿನ ಮೇಲೆ ಕೂತಿದೆ. ಲಾರಿ ಹಂಪು ಹಾರಿದಾಗ ಅದು ಕುಗ್ಗುತ್ತದೆ. ಮೈಗೆ, ಬಂಪರ್ ಬುಡಕ್ಕೆ ಹಗ್ಗ ಕಟ್ಟಿದ್ದರೆ ಆ ಕ್ಷಣ ಹಗ್ಗ ಸಡಿಲ. ಮೈ ಮೇಲೆದ್ದಾಗ ಜಗ್ಗು. ಹೀಗೆ ನೂರು ಸಲ ಆದರೆ ಗಂಟು ಬಿಚ್ಚಿಕೊಳ್ಳದೆ ಇನ್ನೇನು? ಚಕ್ರವನ್ನೇ ನೆಲಕ್ಕೆ ಬಿಗಿದರೆ ಮೈ ಎಷ್ಟು ಕುಣಿದರೂ ಬೆಲ್ಟು ಸಡಿಲವಾಗದು.

ಹ್ಯಾಂಡ್‌ಬ್ರೇಕ್ ಮಾತು? ಅದು ಚಕ್ರ ಉರುಳದಂತೆ ಹಿಡಿಯುತ್ತದೆ, ಜಾರದಂತೆ ಅಲ್ಲ. ಡ್ರೈವರ್ ಬ್ರೇಕ್ ಒತ್ತಿದಾಗ ಸಿಟಿ ಬಸ್ಸಿನಲ್ಲಿ ನಿಂತವರ ಪಾಡೇನೆಂದು ಓದುಗರಿಗೆ ನಾವು ಹೇಳಬೇಕೆ? ಕಾರಿಗೆ ಹಿಡಿದುಕೊಳ್ಳಲು ಮೇಲೆ ಕಂಬಿಯೂ ಇಲ್ಲ. ಲಾರಿಯಲ್ಲಿ ಸರಕು ಕಟ್ಟುವುದಕ್ಕೆ ಯುರೋಪಿನಲ್ಲಿ ಒಂದು ಲೆಕ್ಕ ಇಟ್ಟಿದ್ದಾರೆ: ಮುಂದಕ್ಕೆ ತೂಕದ ಹತ್ತರಲ್ಲಿ ಎಂಟು ಪಾಲು, ಪಕ್ಕಕ್ಕೂ ಹಿಂದಕ್ಕೂ ಅರ್ಧ ಪಾಲು ಬಲವನ್ನು ಕಟ್ಟು ತಡೆಯಬೇಕು. ಅಂದರೆ 1000 ಕಿಲೋ ಕಾರು, ಬ್ರೇಕ್ ಹಿಡಿದಾಗ 800 ಕಿಲೋ ಭಾರದಷ್ಟು ಮುಂದಕ್ಕೆ ನುಗ್ಗುವುದೆಂದು ಎಣಿಸಿಯೇ ಕಟ್ಟಬೇಕು. ಬಾಳೆಗೊನೆ ಕಟ್ಟುವ ಹಗ್ಗ ಇದಕ್ಕೆ ಸಾಲದು ಸ್ವಾಮಿ. ಬೆಲ್ಟಿಗೆ ಹೊಲಿದ ಚೀಟಿಯಲ್ಲಿ ಎಷ್ಟು ಭಾರಕ್ಕೆ ಬಳಸಬಹುದೆಂದು ಅಚ್ಚಾಗಿರುತ್ತದೆ. ಕೆಲವರು ಅದು ಹರಿಯುವ ಭಾರದ ಅಂಕಿ ತೋರಿಸಿ ಬಾಯಿ ಮುಚ್ಚಿಸುತ್ತಾರೆ. ಬಳಸುವ ಭಾರ ಅದಕ್ಕಿಂತ ಬಹಳ ಕಡಿಮೆ.

ಮೈಗೇ ಕಟ್ಟಬೇಕಾಗಿ ಬಂದರೆ ಎಳೆಯುವ ಕೊಂಡಿ ಎಲ್ಲಿದೆ, ಕಟ್ಟಲು ಯಾವ ಜಾಗ ಎಂದು ಕಂಪನಿ ಪುಸ್ತಕ ನೋಡಬೇಕು. ಕೈಗೆ ಸಿಕ್ಕ ಪೈಪಿಗೆ ಕೊಕ್ಕೆ ಹಾಕಿದರೆ ಅದು ಬ್ರೇಕಿನ ಪೈಪೇ ಆಗಿರಬಹುದು. ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಹೊಸದಾಗಿ ಕಟ್ಟಿದ್ದು ಕೂತುಕೊಳ್ಳುತ್ತದೆ. ಪೆಟ್ರೋಲ್ ಸ್ವಲ್ಪವೇ ಇರಲಿ. ಹತ್ತಿಸಿದೊಡನೆ ಎಂಜಿನ್ ಆರಿಸಲಿ. ಮುಚ್ಚಿದ ಡಬ್ಬದಲ್ಲಿ ಆ ಹೊಗೆ ಪ್ರಾಣಕ್ಕೇ ಎರವು. ಇನ್ನು ಕಾರಿನೊಳಗೆ ಮಿಕ್ಸರು, ಕುಕ್ಕರು, ಹಾಸಿಗೆ ತುರುಕುವವರಿದ್ದಾರೆ. ಸಾಹುಕಾರರ ಸೊಸೆಯೂ ರುಬ್ಬುವ ಕಲ್ಲು ಇಟ್ಟಿದ್ದರಂತೆ. ಆ ವಿಷಯ ಮನೆಯೊಳಗಿನದು, ನಾವು ಬರೆಯುವುದಿಲ್ಲ.

ತೆರೆದ ಲಾರಿಯಾದರೆ ಹಗ್ಗ ಸಡಿಲಾದದ್ದು ಹಿಂದೆ ಬರುವವರಿಗೆ ಕಂಡೀತು, ಕೂಗಿ ಹೇಳಿಯಾರು. ಮುಚ್ಚಿದ ಗಾಡಿಯಲ್ಲಿ ಯಾರಿಗೆ ಕಾಣಬೇಕು? ಬಾಗಿಲು ಹಾಕುವ ಮುನ್ನ ಮಾಲೀಕ ತಾನೇ ಹತ್ತಿ ನಾಲ್ಕು ಚಕ್ರ ನೋಡಿ, ಸುತ್ತ ಫೋಟೋ ತೆಗೆದುಕೊಂಡಿದ್ದರೆ ಅದೇ ಸಾಕ್ಷಿ. ಮಗರಾಯರು ರೈಲಿಗೆ ಹೊತ್ತಾಯಿತೆಂದು ಅದನ್ನು ಮಾಡಿರಲಿಲ್ಲ.

ಈಗ ದುಡ್ಡಿನ ಮಾತು. 2007ರ ರಸ್ತೆ ಸರಕು ಸಾಗಣೆ ಕಾಯ್ದೆಯ ಪ್ರಕಾರ, ಕೋರ್ಟಿಗೆ ಹೋಗುವುದಿದ್ದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರನಿಗೆ ಲಿಖಿತ ನೋಟೀಸು ತಲುಪಿರಬೇಕು. ಮಾಲು ತಲುಪಿದ ದಿನದಿಂದಲ್ಲ, ಗಮನಿಸಿ. ಹೆಚ್ಚಿನ ಹೊಣೆಗೆ ಹೆಚ್ಚಿನ ದರ ಕಟ್ಟಿರದಿದ್ದರೆ ಪರಿಹಾರಕ್ಕೆ ಬಾಡಿಗೆಯ ಹತ್ತು ಪಟ್ಟು ಎಂಬ ಮಿತಿಯಿದೆ, ಅದೂ ಚೀಟಿಯಲ್ಲಿ ಬರೆಸಿದ ಬೆಲೆಯನ್ನು ಮೀರುವಂತಿಲ್ಲ. ಬಾಡಿಗೆ 10 ಸಾವಿರವಾದರೆ ಮಿತಿ 1 ಲಕ್ಷ. ಕಾರು ಎಂಟು ಲಕ್ಷದ್ದಾದರೂ ಅಷ್ಟೇ.

ಸಾಹುಕಾರರಿಗೆ ಗೊತ್ತಿಲ್ಲದ ಒಂದು ಸಂಗತಿಯೂ ಇತ್ತು. ಕಾರಿನ ಸ್ವಂತ ಹಾನಿಗೂ ಸೇರಿಸಿ ಮಾಡಿಸಿದ ಮಾಮೂಲಿ ವಿಮೆಯಲ್ಲೇ ರಸ್ತೆ, ರೈಲಿನಲ್ಲಿ ಸಾಗಿಸುವಾಗ ಆಗುವ ಹಾನಿಯೂ ಸೇರಿರುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಇದಿಲ್ಲ. ನಾವು ಹೇಳಿದ್ದೇ ತಡ, ಗಲ್ಲಾಪೆಟ್ಟಿಗೆ ಅಡಿಯಿಂದ ಪಾಲಿಸಿ ಹೊರಬಂತು. ಅದೃಷ್ಟ, ಪೂರ್ತಿ ವಿಮೆಯೇ ಇದೆ. "ನೋ ಕ್ಲೇಮ್ ಬೋನಸ್ ಹೋಗ್ತದಲ್ರೀ!" ಎಂದು ಅದಕ್ಕೂ ಸಂಕಟಪಟ್ಟರು.

ವಿಮೆಗೆ ಅರ್ಜಿಯೂ ಸಾಗಣೆಯವರಿಗೆ ನೋಟೀಸೂ ನಿನ್ನೆ ಒಟ್ಟಿಗೆ ಹೋಗಿವೆ. ಬುಕ್ ಮಾಡಿದ್ದರಿಂದ ಎಣಿಸಿದರೆ ನಿನ್ನೆಗೆ 41ನೇ ದಿನ. ಉತ್ತರ ಬಂದರೆ ಇದೇ ಅಂಕಣದಲ್ಲಿ ತಿಳಿಸುತ್ತೇವೆ.